ಡ್ರೈವರ್ ಆಂಜಿನಪ್ಪ ರಸ್ತೆಗಿಳಿದ ಮೇಲೆ

ಆಂಜಿನಪ್ಪನವರು ಬಸ್ಸಿನ ಹಿಂದೆ ಓಡಿದ್ದು ಜೀವಮಾನದಲ್ಲಿ ಒಂದೇ ಸಲ. ಆಗ ಅವರು ನಿವೃತ್ತರಾಗಿ ಎಂಟು ತಿಂಗಳಾಗಿತ್ತು.

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು ಅವರು. ಅದರಲ್ಲಿ ಹತ್ತೊಂಬತ್ತು ವರ್ಷ ಮುಳಬಾಗಿಲಿನಿಂದ ಹೊರಟು ಶ್ರೀನಿವಾಸಪುರ ದಾಟಿ ರಾಯಲ್ಪಾಡಿಗೆ ಹೋಗುವ ಬೆಳಗಿನ ಸರ್ವೀಸು. ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಅದೇ ಬಸ್ಸಿನಲ್ಲಿ. ಅವರು ಹೊರಟರೆಂದರೆ ಆರೂಕಾಲು. ನಮ್ಮ ಬೀದಿಯ ಕೊನೆಯ ಮನೆಯಾಕೆ ಅವರ ಹಾರನ್ ಕೇಳಿ ಹಾಲು ಒಲೆಗಿಡುತ್ತಿದ್ದಳು. ಯಾರಿಗಾಗಿಯೂ ನಿಲ್ಲಿಸಿದವರಲ್ಲ ಎಂಬ ಹೆಸರು ಅವರಿಗಿತ್ತು; ಅದನ್ನು ಅವರು ಹೊಗಳಿಕೆಯೆಂದೇ ತಿಳಿದಿದ್ದರು.

ಆ ದಿನ ಗಂಡ ಹೆಂಡತಿ ನೆಂಟರ ಮನೆಯ ನಾಮಕರಣಕ್ಕೆಂದು ಶ್ರೀನಿವಾಸಪುರದ ಬಸ್ಸು ಹತ್ತಿದ್ದರು. ಶ್ಯಾಮಲಮ್ಮ ಕಿಟಕಿ ಪಕ್ಕ ಕುಳಿತ ಮೇಲೆ, ಬಾಳೆಹಣ್ಣು ಮರೆತೆವಲ್ಲ ಎಂದರು. ‘ಹೊರಡೋಕೆ ಇನ್ನೂ ನಾಲ್ಕು ನಿಮಿಷ ಐತೆ, ನನಗ್ಗೊತ್ತಿಲ್ವಾ’ ಎಂದು ಆಂಜಿನಪ್ಪ ಇಳಿದರು. ಹೊಸ ಡ್ರೈವರ್‌ನ ಗಡಿಯಾರ ಬೇರೆಯಿತ್ತು. ಹಣ್ಣಿನ ಚಿಪ್ಪು ಕೈಗೆ ಬರುವಷ್ಟರಲ್ಲಿ ಬಸ್ಸು ನಿಲ್ದಾಣದ ಗೇಟು ದಾಟುತ್ತಿತ್ತು. ಆಂಜಿನಪ್ಪ ಓಡಿದರು. ನಲವತ್ತು ಹೆಜ್ಜೆಯೂ ಆಗಿರಲಿಲ್ಲ, ಕಣ್ಣಿಗೆ ಕತ್ತಲೆ ಬಂತು. ಬೀಡಾ ಅಂಗಡಿಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು. ಒಳಗಿಂದ ಶ್ಯಾಮಲಮ್ಮ ಕೂಗಿ ಬಸ್ಸು ನಿಲ್ಲಿಸಿದರು. ಇಳಿದು ಬಂದು ಗಂಡನ ಮುಖ ನೋಡಿದರು. ಬೈಯಲಿಲ್ಲ. ಮೂವತ್ತೈದು ವರ್ಷ ಯಾವುದಕ್ಕೂ ಬೈಯದೆ ಬಿಟ್ಟವರಲ್ಲ ಆಕೆ. ಅವರು ಸುಮ್ಮನಿದ್ದುದೇ ಆಂಜಿನಪ್ಪನವರಿಗೆ ಭಯ ಹುಟ್ಟಿಸಿತು.

ಮಾರನೆಯ ದಿನ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ‘ಸಕ್ಕರೆ ಬಾಗಿಲಲ್ಲಿ ನಿಂತಿದೆ, ಒಳಗೆ ಕರೀಬೇಡಿ’ ಎಂದರು. ರಕ್ತದೊತ್ತಡಕ್ಕೆ ಎರಡು ಮಾತ್ರೆ ಬರೆದರು. ತೂಕ ಎಂಬತ್ತಾರು ಕಿಲೋ. ದಿನಾ ನಡೆಯಿರಿ, ಅಷ್ಟೇ ಎಂದು ಕಳಿಸಿದರು.

ಒಬ್ಬರೇ ನಡೆಯಲು ನಾಚಿಕೆಯಾಗಿ ಅವರು ನರಸಿಂಹಪ್ಪನನ್ನು ಕರೆದರು. ಹದಿನಾಲ್ಕು ವರ್ಷ ಅವರ ಬಸ್ಸಿಗೇ ಕಂಡಕ್ಟರ್ ಆಗಿದ್ದವನು ಆತ. ಮನೆ ಎರಡು ಬೀದಿ ಆಚೆ.

‘ಮೂವತ್ತು ವರ್ಷ ಕೂತು ದುಡಿದ್ವಲ್ಲೋ. ಈಗ ಕಾಲಿಗೂ ಒಸಿ ಕೆಲಸ ಕೊಡಣ’ ಎಂದರು ಆಂಜಿನಪ್ಪ.

‘ಕೂತಿದ್ದು ನೀನು. ನಾನು ನಿಂತ್ಕೊಂಡೇ ಟಿಕೆಟ್ ಹರಿದಿದ್ದು. ನನ್ನ ಕೋಟಾ ಮುಗಿದೈತೆ’ ಎಂದ ನರಸಿಂಹಪ್ಪ. ಆದರೂ ಬಂದ.

ಮೊದಲ ವಾರ ಕೆರೆ ಕಟ್ಟೆಯವರೆಗೆ. ವಾಪಸು ಬರುವಾಗ ನರಸಿಂಹಪ್ಪ ದೋಸೆ ಹೋಟೆಲಿನ ಮುಂದೆ ತಾನಾಗಿ ನಿಂತುಬಿಡುತ್ತಿದ್ದ. ನಡೆದು ಕರಗಿಸಿದ್ದು ತುಪ್ಪದಲ್ಲಿ ಮರಳಿ ಬರುತ್ತಿತ್ತು. ಒಂದು ತಿಂಗಳಾದ ಮೇಲೆ ಆಂಜಿನಪ್ಪ ಕುರುಡುಮಲೆ ರಸ್ತೆಗೆ ಹೊರಳಿದರು. ಆ ದಾರಿಯಲ್ಲಿ ಹೋಟೆಲಿಲ್ಲ. ನರಸಿಂಹಪ್ಪ ಎರಡು ದಿನ ನಡೆದು, ಮೂರನೆಯ ದಿನದಿಂದ ತನ್ನ ಮೊಪೆಡ್ಡಿನಲ್ಲಿ ಬರತೊಡಗಿದ. ಪಕ್ಕದಲ್ಲಿ ಮೆಲ್ಲಗೆ ಗಾಡಿ ಬಿಡುತ್ತಾ ಊರ ಸುದ್ದಿಯೆಲ್ಲ ಹೇಳುವುದು ಅವನ ಪಾಲಿನ ವ್ಯಾಯಾಮ.

ಓಟ ಶುರುವಾದದ್ದು ಹೇಗೆಂದು ಕೇಳಿದರೆ ಆಂಜಿನಪ್ಪ ನಗುತ್ತಾರೆ. ಒಂದು ಬೆಳಿಗ್ಗೆ ಮಳೆ ಹನಿಯಿತು, ಅಷ್ಟೇ. ಮರದಡಿ ಸೇರಲೆಂದು ಒಂದು ಲೈಟು ಕಂಬದಷ್ಟು ದೂರ ಓಡಿದರು. ಏನೂ ಆಗಲಿಲ್ಲ. ಮಾರನೆಯ ದಿನ ಮಳೆಯಿಲ್ಲದೆಯೂ ಒಂದು ಕಂಬ ಓಡಿ ನೋಡಿದರು. ಒಂದು ಕಂಬ ಓಟ, ಮೂರು ಕಂಬ ನಡಿಗೆ; ದೀಪಾವಳಿಯ ಹೊತ್ತಿಗೆ ಎರಡು ಕಂಬ ಓಟ, ಎರಡು ಕಂಬ ನಡಿಗೆ. ಟೊಮೆಟೊ ಕ್ರೇಟು ಹೇರಿಕೊಂಡು ಹೋಗುವ ಆಟೋದವರು ‘ಏನಣ್ಣಾ, ಬಸ್ಸು ಕೆಟ್ಟೋಯ್ತಾ?’ ಎಂದು ಕೂಗುತ್ತಿದ್ದರು. ಮೊದಮೊದಲು ಇವರು ತಲೆ ತಗ್ಗಿಸುತ್ತಿದ್ದರು. ಆಮೇಲಾಮೇಲೆ ‘ಡೀಸೆಲ್ ಉಳಿಸ್ತಿದ್ದೀನಿ ಕಣೋ’ ಎಂದು ತಿರುಗಿ ಕೂಗುವಷ್ಟು ಉಸಿರು ಬಂತು.

ಅದೆಷ್ಟು ಸಲ ಬಸ್ಸು ಓಡಿಸಿದ್ದ ರಸ್ತೆಯೋ, ಕಾಲಿಗೆ ಬೇರೆಯೇ ಆಗಿ ಸಿಕ್ಕಿತು. ಸಮತಟ್ಟು ಎಂದುಕೊಂಡಿದ್ದ ಕಡೆ ಏರಿತ್ತು. ಹಿಪ್ಪುನೇರಳೆ ತೋಟದ ಪಕ್ಕ ತಂಪು, ಇಟ್ಟಿಗೆ ಗೂಡಿನ ಪಕ್ಕ ಬಿಸಿ. ಕಳ್ಳೆಕಾಯಿ ಕಿತ್ತ ಹೊಲದ ಮಣ್ಣಿನ ವಾಸನೆ ಬಸ್ಸಿನೊಳಗೆ ಯಾವತ್ತೂ ಬಂದಿರಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು. ತೂಕ ಎಪ್ಪತ್ತೊಂದಕ್ಕೆ ಇಳಿಯಿತು. ಅಂಗಿಗಳೆಲ್ಲ ಜೋಲುತ್ತಿದ್ದವು, ಶ್ಯಾಮಲಮ್ಮ ಅವನ್ನು ಹೊಲಿಸಿ ಚಿಕ್ಕದು ಮಾಡಿಸಲು ಒಪ್ಪಲಿಲ್ಲ. ‘ಮತ್ತೆ ಊದ್ಕೊಂಡ್ರೆ?’ ಎನ್ನುತ್ತಿದ್ದರು.

ಅವರಿಗೆ ಅರವತ್ತನಾಲ್ಕಾದ ವರ್ಷ ಮುಳಬಾಗಿಲಿನ ಯುವಕರ ಸಂಘವೊಂದು ಜನವರಿಯಲ್ಲಿ ಓಟ ಏರ್ಪಡಿಸಿತು. ಊರಿನ ಮೈದಾನದಿಂದ ಕುರುಡುಮಲೆ ಗಣಪತಿ ಗುಡಿಯವರೆಗೆ ಹೋಗಿ ಬರುವುದು, ಸುಮಾರು ಇಪ್ಪತ್ತು ಕಿಲೋಮೀಟರು. ಅರವತ್ತು ದಾಟಿದವರಿಗೆ ಬೇರೆ ಬಹುಮಾನ. ತಮ್ಮದೇ ರಸ್ತೆ, ತಮಗಿಂತ ಇನ್ಯಾರಿಗೆ ಗೊತ್ತು ಎಂದು ಆಂಜಿನಪ್ಪ ಹೆಸರು ಕೊಟ್ಟರು.

ಮೊದಲ ಆರು ಕಿಲೋಮೀಟರು ಕಾಲೇಜು ಹುಡುಗರ ಜೊತೆ ಓಡಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಇನ್ನಷ್ಟು ಜೋರಾಗಿ ಓಡಿದರು. ಕುರುಡುಮಲೆಯ ಹತ್ತಿರದ ಏರಿನಲ್ಲಿ ಎದೆ ಡೋಲಿನಂತೆ ಬಡಿಯತೊಡಗಿತು, ತೊಡೆ ಕಲ್ಲಾಯಿತು. ಗುಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಗ ಪಕ್ಕದಲ್ಲೊಬ್ಬ ಸಣಕಲು ಮುದುಕ ಹಾದುಹೋದ. ಮೊಣಕಾಲಿಗಿಂತ ಮೇಲೆ ಕಟ್ಟಿದ ಪಂಚೆ, ಬನಿಯನ್ನು, ಕ್ಯಾನ್ವಾಸ್ ಬೂಟು. ಓಡುತ್ತಲೇ ಪಕ್ಕದವನಿಗೆ ತೆಲುಗಿನಲ್ಲಿ ಯಾವುದೋ ಹಸುವಿನ ಕಥೆ ಹೇಳುತ್ತಿದ್ದ. ಒಂದಿಷ್ಟೂ ಏದುಸಿರಿಲ್ಲ.

ಅರವತ್ತು ದಾಟಿದವರಲ್ಲಿ ಆ ಮುದುಕನೇ ಮೊದಲು. ಆಂಜಿನಪ್ಪ ಹದಿನೆಂಟು ನಿಮಿಷ ಹಿಂದೆ, ಕುಂಟುತ್ತಾ ಬಂದು ಮುಟ್ಟಿದರು.

ಆಮೇಲೆ ದೋಸೆ ಹೋಟೆಲಿನಲ್ಲಿ ಅದೇ ಮನುಷ್ಯ ಅವರ ಎದುರಿಗೆ ಬಂದು ಕುಳಿತ.

‘ನೀವು ಆಂಜಿನಪ್ಪ ಡ್ರೈವರಲ್ವಾ? ಆರೂಕಾಲು ಸರ್ವೀಸು?’

‘ಹೌದು. ನೀವು?’

‘ವೆಂಕಟರಮಣಪ್ಪ. ರಾಯಲ್ಪಾಡು ಹತ್ರ ನಮ್ದು ಮಾವಿನ ತೋಪು. ತೋಪಿಂದ ರೋಡಿಗೆ ಒಂದೂವರೆ ಕಿಲೋಮೀಟ್ರು. ನಿಮ್ಮ ಹಾರನ್ ಕೇಳಿದ್ರೆ ಓಡ್ತಿದ್ದೆ ನೋಡಿ, ವಾರಕ್ಕೆ ಮೂರು ದಿನ ಸಂತೆ, ಕೋರ್ಟು, ಏನೋ ಒಂದು. ಎಷ್ಟು ಸಲ ಬಿಟ್ಟೋಗಿದ್ದೀರಾ ನನ್ನ!’ ಎಂದು ಆತ ಜೋರಾಗಿ ನಕ್ಕ.

ಆಂಜಿನಪ್ಪನ ಕೈಯಲ್ಲಿದ್ದ ದೋಸೆ ಚೂರು ಚಟ್ನಿಯ ಮೇಲೇ ನಿಂತಿತು. ಬಸ್ಸಿನ ಕನ್ನಡಿಯಲ್ಲಿ ಕಾಣುತ್ತಿದ್ದ ಬಿಳಿ ಪಂಚೆ ನೆನಪಾಯಿತು. ದೂರದಲ್ಲಿ ಕೈ ಬೀಸುತ್ತಾ ಓಡಿಬರುತ್ತಿದ್ದ ಒಂದು ಆಕಾರ.

‘ಕನ್ನಡೀಲಿ ಕಾಣ್ತಿತ್ತು’ ಎಂದರು ಮೆಲ್ಲಗೆ. ‘ಕಾಣ್ತಿರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಟೈಮ್ ಆಗೋಯ್ತು ಅಂತ ಹೋಗ್ಬಿಡ್ತಿದ್ದೆ. ತಪ್ಪಾಯ್ತು.’

‘ಪೋನೀಯಯ್ಯಾ, ಹೋಗ್ಲಿ ಬಿಡಿ! ನೀವು ನಿಲ್ಲಿಸಿದ್ರೆ ನಾನು ಯಾಕೆ ಓಡ್ತಿದ್ದೆ? ಬಸ್ಸು ತಪ್ಪಿದ ದಿನ ಆರು ಕಿಲೋಮೀಟ್ರು ಅಡ್ಡದಾರೀಲಿ ಓಡಿ ಮುಂದಿನ ಊರಲ್ಲಿ ಇನ್ನೊಂದು ಬಸ್ಸು ಹಿಡೀತಿದ್ದೆ. ಅರವತ್ತೊಂಬತ್ತು ನನಗೀಗ. ಈ ಕಾಲು ಯಾರು ಮಾಡಿದ್ದು ಅಂತೀರಾ?’ ಎನ್ನುತ್ತಾ ಅವನು ತನ್ನ ಮೀನಖಂಡದ ಮೇಲೆ ಪಟಪಟನೆ ತಟ್ಟಿಕೊಂಡ. ಪಕ್ಕದ ಮೇಜಿನವರೂ ತಿರುಗಿ ನೋಡಿದರು.

ಆ ದಿನ ಅವನು ಒಂದು ಮಾತು ಹೇಳಿಕೊಟ್ಟ: ‘ಮಾಟ್ಲಾಡ್ತಾ ಪರಿಗೆತ್ತು, ಮಾತಾಡ್ತಾ ಓಡು. ಮಾತು ನಿಂತೋದ್ರೆ ನೀನು ಜಾಸ್ತಿ ಓಡ್ತಿದ್ದೀಯ ಅಂತ ಅರ್ಥ.’

ಆಂಜಿನಪ್ಪ ತಲೆಯಾಡಿಸಿದರು. ಆದರೆ ಮನಸ್ಸಿನಲ್ಲಿ ಅವರು ಆಗಲೇ ಬೇರೆ ಲೆಕ್ಕ ಹಾಕಿದ್ದರು: ಇಷ್ಟು ವರ್ಷ ಹಿಂದೆ ಬಿದ್ದಿದ್ದವನು ಈಗ ಮುಂದೆ. ಮುಂದಿನ ಜನವರಿಗೆ ಅವನನ್ನು ಹಿಡಿಯಬೇಕು.

ದಿನಾ ಓಡಿದರು. ವಾರದ ಏಳು ದಿನ, ದಿನಕ್ಕೆ ಹತ್ತು, ಹನ್ನೆರಡು ಕಿಲೋಮೀಟರು. ಹಬ್ಬದ ದಿನವೂ ಬಿಡಲಿಲ್ಲ. ಮಾತಾಡುತ್ತಾ ಓಡು ಎಂದದ್ದನ್ನು ಮರೆತೇಬಿಟ್ಟರು. ಮೊಪೆಡ್ಡಿನ ಮೇಲಿಂದ ನರಸಿಂಹಪ್ಪ ಏನಾದರೂ ಕೇಳಿದರೆ ಕೈಯಲ್ಲೇ ಸನ್ನೆ. ಮಧ್ಯಾಹ್ನ ಊಟಕ್ಕೆ ಕುಳಿತಲ್ಲೇ ತೂಕಡಿಸುತ್ತಿದ್ದರು, ಕಣ್ಣು ಒಳಗೆ ಹೋಗಿದ್ದವು.

‘ಬಸ್ಸಿಗೂ ಡಿಪೋ ಅಂತ ಒಂದು ಇತ್ತಲ್ರೀ’ ಎಂದರು ಶ್ಯಾಮಲಮ್ಮ.

‘ನಿನಗೆ ಗೊತ್ತಾಗಲ್ಲ ಕಣೇ.’

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕೆರೆ ಕಟ್ಟೆಯ ಏರಿನಲ್ಲಿ ಬಲಗಾಲಿನ ಮೀನಖಂಡಕ್ಕೆ ಯಾರೋ ಕಲ್ಲು ಹೊಡೆದ ಹಾಗಾಯಿತು. ಹಿಂದೆ ತಿರುಗಿ ನೋಡಿದರು, ಯಾರೂ ಇಲ್ಲ. ಹೆಜ್ಜೆಯೂರಲು ಆಗಲಿಲ್ಲ. ನರಸಿಂಹಪ್ಪ ಅವರನ್ನು ಹಿಂದೆ ಕೂರಿಸಿಕೊಂಡು ಮನೆಗೆ ತಂದ. ದಾರಿಯುದ್ದಕ್ಕೂ ಒಂದೂ ತಮಾಷೆ ಮಾಡಲಿಲ್ಲ.

ಕೋಲಾರದಲ್ಲಿ ಮೇಘನ ಎಂಬ ಫಿಸಿಯೋಥೆರಪಿಸ್ಟ್ ಇದ್ದಳು, ಮಾಲೂರಿನ ಕಡೆಯ ಹುಡುಗಿ, ಮೂವತ್ತೂ ಆಗಿರದ ವಯಸ್ಸು. ಅವಳು ಇವರನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿದಳು, ಕುಕ್ಕರಗಾಲಲ್ಲಿ ಕೂರಿಸಿದಳು, ತೊಡೆ ಒತ್ತಿ ನೋಡಿದಳು.

‘ಅಂಕಲ್, ಏನು ಕೆಲಸ ಮಾಡ್ತಿದ್ರಿ?’

‘ಡ್ರೈವರು. ಬಸ್ಸು.’

‘ಅದಕ್ಕೇ! ಕ್ಲಚ್ ತುಳಿದು ತುಳಿದು ನಿಮ್ಮ ಎಡಗಾಲು ಪೈಲ್ವಾನ್ ಆಗಿದೆ. ಬಲಗಾಲು ಗುಮಾಸ್ತ. ಈಗ ಇಬ್ಬರನ್ನೂ ಒಂದೇ ಕೆಲಸಕ್ಕೆ ಹಚ್ಚಿದ್ದೀರ, ಅದೂ ರಜೆ ಕೊಡದೆ.’

ಆರು ವಾರ ಓಡುವಂತಿಲ್ಲ ಎಂದಳು. ಆಂಜಿನಪ್ಪ ಮುಖ ಇಳಿಬಿಟ್ಟರು. ಅರವತ್ತರ ಮೇಲೆ ಸ್ನಾಯು ತಾನಾಗಿ ಕರಗುತ್ತಾ ಹೋಗುತ್ತದೆ, ಓಟ ಒಂದೇ ಅದನ್ನು ಉಳಿಸುವುದಿಲ್ಲ, ಬಲ ಬೇರೆಯಾಗಿ ಗಳಿಸಬೇಕು ಎಂದು ಅವಳು ನಿಧಾನವಾಗಿ ವಿವರಿಸಿದಳು. ಬರೆದುಕೊಟ್ಟದ್ದು ಯಾವುದೂ ದೊಡ್ಡ ವಿಷಯವಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಜಗಲಿಯ ಮೆಟ್ಟಿಲ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಹಲ್ಲುಜ್ಜುವಾಗ ಬಲಗಾಲಿನ ಮೇಲೆ ಮಾತ್ರ ನಿಲ್ಲುವುದು.

ಮೊದಲ ವಾರ ಅವರು ಮಾತಿಗೂ ಸಿಗಲಿಲ್ಲ. ಜಗಲಿಯಲ್ಲಿ ಕುಳಿತು, ಓಡುವ ಹೊತ್ತಿಗೆ ರಸ್ತೆ ನೋಡುತ್ತಿದ್ದರು. ಕುರ್ಚಿಯ ವ್ಯಾಯಾಮವನ್ನು ಹತ್ತು ಸಲ ಎಂದಿದ್ದರೆ ನಾಲ್ಕು ಸಲ ಮಾಡಿ ಬಿಡುತ್ತಿದ್ದರು. ಒಂದು ಸಂಜೆ ಶ್ಯಾಮಲಮ್ಮ ಅವರೆಕಾಯಿ ಸುಲಿಯುವುದನ್ನು ಬಿಟ್ಟು ಎದ್ದು ಬಂದರು.

‘ಸರೀರಿ, ನಾನು ಮಾಡಿ ತೋರಿಸ್ತೀನಿ.’

ಮಂಡಿ ನೋವಿದ್ದ ಆಕೆ ಮೂರನೆಯ ಸಲಕ್ಕೆ ಕುರ್ಚಿಯ ಕೈ ಹಿಡಿದುಕೊಂಡರು. ಆದರೆ ಮರುದಿನ ನಾಲ್ಕು ಮಾಡಿದರು. ಗಂಡನಿಗೆ ಹೇಳದೆ ಮಧ್ಯಾಹ್ನವೂ ಮಾಡುತ್ತಿದ್ದರಂತೆ. ತಿಂಗಳ ಕೊನೆಗೆ ಶ್ಯಾಮಲಮ್ಮನದು ಹನ್ನೆರಡು, ಆಂಜಿನಪ್ಪನವರದು ಹತ್ತು. ಆಗ ಅವರಿಗೆ ಮೈ ಉರಿಯಿತು, ವ್ಯಾಯಾಮ ಸರಿಯಾಗಿ ಶುರುವಾಯಿತು.

ಆ ನಡುವೆ ಅವರು ವೆಂಕಟರಮಣಪ್ಪನಿಗೆ ಫೋನು ಮಾಡಿ, ಈ ಸಲ ನಾನು ಓಡಲ್ಲ ಎಂದರು. ಎರಡನೆಯ ದಿನವೇ ಆತ ಬಸ್ಸು ಹತ್ತಿ ಬಂದ, ಕೈಯಲ್ಲಿ ಒಂದು ಚೀಲ ಹುರುಳಿಕಾಳು. ಕಾಲು ಮುಟ್ಟಿ ನೋಡಿ ವೈದ್ಯನ ಹಾಗೆ ಹೂಂಗುಟ್ಟಿದ.

‘ವಾರಕ್ಕೆ ಎಷ್ಟು ದಿನ ಓಡ್ತಿದ್ದೆ?’

‘ಏಳು.’

‘ಏಡು!’ ಎಂದು ಆತ ತೆಲುಗಿನಲ್ಲಿ ಮತ್ತೊಮ್ಮೆ ಹೇಳಿ ಹಣೆ ಚಚ್ಚಿಕೊಂಡ. ‘ನಾನು ಮೂರೇ ದಿನ ಓಡೋದು. ಒಂದಿನ ಒಸಿ ಜೋರಾಗಿ, ಎರಡು ದಿನ ಮಾತಾಡ್ಕೊಂಡು. ಮಿಕ್ಕಿದ ದಿನ ತೋಪಿನ ಕೆಲಸ, ಮಧ್ಯಾಹ್ನ ಒಂದು ನಿದ್ದೆ. ಇಪ್ಪತ್ತು ವರ್ಷದವನು ಓಡಿ ಗಟ್ಟಿಯಾಗ್ತಾನೆ. ನಾವು ಓಡಿ, ಆಮೇಲೆ ಮಲಗಿದ್ರೆ ಗಟ್ಟಿಯಾಗೋದು. ಮಲಗೋದೂ ಪ್ರಾಕ್ಟೀಸೇ ಅಂತ ತಿಳ್ಕೋ.’

ಅರವತ್ತೆರಡನೆಯ ವಯಸ್ಸಿನಲ್ಲಿ ಮಾವಿನ ಮರದಿಂದ ಬಿದ್ದು ತಾನೂ ಐದು ತಿಂಗಳು ಹಾಸಿಗೆ ಹಿಡಿದದ್ದನ್ನು ಆ ದಿನ ಅವನು ಹೇಳಿದ. ಎದ್ದ ಮೇಲೆ ಮೊದಲ ದಿನ ನಡೆದದ್ದು ಕೊಟ್ಟಿಗೆಯವರೆಗೆ, ಎರಡನೆಯ ದಿನ ಬಾವಿಯವರೆಗೆ. ಆಂಜಿನಪ್ಪ ಆವರೆಗೆ ಆ ಮನುಷ್ಯನನ್ನು ಹುಟ್ಟಿನಿಂದಲೇ ಓಡಿದವನು ಎಂದುಕೊಂಡಿದ್ದರು.

ಜನವರಿ ಬಂತು. ಆಂಜಿನಪ್ಪ ಕುರುಡುಮಲೆಯ ತಿರುವಿನಲ್ಲಿ ಬಾಳೆಹಣ್ಣು, ಉಪ್ಪು ಹಾಕಿದ ರಾಗಿ ಅಂಬಲಿ ಕೊಡುವ ಕೆಲಸಕ್ಕೆ ನಿಂತರು. ಪಕ್ಕದಲ್ಲಿ ನರಸಿಂಹಪ್ಪ ತನ್ನ ಹಳೆಯ ಸೀಟಿ ಊದುತ್ತಾ ‘ರೈಟ್, ರೈಟ್’ ಎಂದು ಒಬ್ಬೊಬ್ಬರನ್ನೇ ತಿರುಗಿಸಿ ಕಳಿಸುತ್ತಿದ್ದ. ಮುಂದೆ ಬಂದವರು ಲೋಟ ಕಸಿದುಕೊಂಡು ಹೋದರು. ಕೊನೆಗೆ ಬಂದವರು ನಿಂತು, ಕುಡಿದು, ಗುಡಿಯ ಕಡೆ ಕೈಮುಗಿದು, ‘ಇನ್ನೂ ಎಷ್ಟಣ್ಣಾ?’ ಎಂದು ಕೇಳಿದರು. ಹಿಂದೆ ಬರುವವರಿಗಾಗಿ ಕಾಯುವ ಅಭ್ಯಾಸ ಆಂಜಿನಪ್ಪನವರಿಗೆ ಇರಲಿಲ್ಲ. ಅಂದು ಎಲ್ಲರಿಗಿಂತ ಕೊನೆಯವಳು ಭಾರತಮ್ಮ, ಐವತ್ತೆಂಟರ ಅಂಗನವಾಡಿ ಶಿಕ್ಷಕಿ. ಸಂಘದವರು ಮೇಜು ಮಡಚೋಣ ಎಂದಾಗ, ಅವಳು ಬಂದು ಹೋಗುವವರೆಗೆ ಆಗಲ್ಲ ಎಂದು ಆಂಜಿನಪ್ಪ ಅಂಬಲಿಯ ಪಾತ್ರೆ ಹಿಡಿದುಕೊಂಡೇ ನಿಂತರು. ಆಕೆ ಬಂದು ಎರಡು ಲೋಟ ಕುಡಿದಳು.

ಫೆಬ್ರವರಿಯಿಂದ ಅವರು ಮತ್ತೆ ಓಡಿದರು. ಈ ಸಲ ವಾರಕ್ಕೆ ಮೂರೇ ದಿನ. ಮಂಗಳವಾರ, ಗುರುವಾರ ನರಸಿಂಹಪ್ಪನ ಜೊತೆ ಬಾಯ್ತುಂಬ ಮಾತಾಡುತ್ತಾ; ಭಾನುವಾರ ದೂರ. ಉಳಿದ ದಿನ ಮೆಟ್ಟಿಲು, ಕುರ್ಚಿ, ನಿದ್ದೆ.

ಅರವತ್ತಾರನೆಯ ವಯಸ್ಸಿನ ಜನವರಿ ಓಟದಲ್ಲಿ ಅವರೂ ವೆಂಕಟರಮಣಪ್ಪನೂ ಹೆಗಲಿಗೆ ಹೆಗಲು ಹಚ್ಚಿ ಹೊರಟರು. ಕಾಲೇಜು ಹುಡುಗರು ಹಾರಿಹೋದರು, ಇವರು ಬಿಟ್ಟುಕೊಟ್ಟರು. ಕುರುಡುಮಲೆಯವರೆಗೂ ತೋಟಾಪುರಿ ಮಾವಿಗೆ ಯಾವ ಗೊಬ್ಬರ ಎಂಬ ಚರ್ಚೆ. ಏರಿನಲ್ಲಿ ಎದೆ ಬಡಿಯಿತು, ಆದರೆ ಮಾತು ನಿಲ್ಲಲಿಲ್ಲ. ವಾಪಸು ಬರುವಾಗ, ಇನ್ನು ನಾಲ್ಕು ಕಿಲೋಮೀಟರು ಇದೆ ಎನ್ನುವಲ್ಲಿ, ಬಲಗಾಲಿನ ಮೀನಖಂಡ ಸಣ್ಣಗೆ ಚುಚ್ಚಿತು. ರಸ್ತೆಯ ಎರಡೂ ಬದಿ ಜನ. ಗುರುತಿನವರು ಹೆಸರು ಹಿಡಿದು ಕೂಗುತ್ತಿದ್ದರು. ಹಿಂದಿನ ಆಂಜಿನಪ್ಪನಾಗಿದ್ದರೆ ಹಲ್ಲು ಕಚ್ಚಿ ಓಡಿಬಿಡುತ್ತಿದ್ದರು. ಈ ಸಲ ಓಟ ನಿಲ್ಲಿಸಿ ನಡೆದರು.

‘ಏನಾಯ್ತು?’ ಎಂದ ವೆಂಕಟರಮಣಪ್ಪ.

‘ಏನಿಲ್ಲ. ನೀನು ನಡಿ, ನಾನು ನಾಲ್ಕು ಕಂಬ ನಡೆದು ಬರ್ತೀನಿ.’

ನಾಲ್ಕು ಕಂಬ ನಡೆದರು. ಎಲ್ಲರೂ ನೋಡುತ್ತಿದ್ದಾರೆ ಎನ್ನಿಸಿದ್ದು ಮೊದಲ ಕಂಬದವರೆಗೆ ಮಾತ್ರ. ಚುಚ್ಚುವುದು ನಿಂತಿತು. ಮತ್ತೆ ಓಟ, ಮೈದಾನದವರೆಗೆ ತಡೆಯಿಲ್ಲ. ವೆಂಕಟರಮಣಪ್ಪನಿಗೆ ಮೊದಲನೆಯ ಸ್ಥಾನ, ಮೂರು ನಿಮಿಷ ತಡವಾಗಿ ಆಂಜಿನಪ್ಪನವರಿಗೆ ಎರಡನೆಯದು. ಎರಡು ವರ್ಷದ ಹಿಂದಿನ ತಮ್ಮದೇ ಓಟಕ್ಕಿಂತ ಹದಿನಾರು ನಿಮಿಷ ಬೇಗ ಬಂದಿದ್ದರು. ಅದಕ್ಕಿಂತ ಹೆಚ್ಚಾಗಿ, ಕುಂಟದೆ ಬಂದಿದ್ದರು. ಮೈದಾನದಲ್ಲಿ ಶ್ಯಾಮಲಮ್ಮ ಭಾರತಮ್ಮನ ಜೊತೆ ನಿಂತಿದ್ದರು. ಐದು ಕಿಲೋಮೀಟರು ನಡಿಗೆಯಲ್ಲಿ ಅವರಿಬ್ಬರೂ ಭಾಗವಹಿಸಿದ್ದನ್ನು ಆಂಜಿನಪ್ಪನವರಿಗೆ ಯಾರೂ ಹೇಳಿರಲಿಲ್ಲ. ಶ್ಯಾಮಲಮ್ಮನ ಕೊರಳಲ್ಲಿ ರಿಬ್ಬನ್ನಿನ ಪದಕ ತೂಗುತ್ತಿತ್ತು. ಸೀರೆಯ ಸೆರಗಿನಿಂದ ಅದನ್ನು ಒಮ್ಮೆ ಮುಚ್ಚಿದರು, ಆಮೇಲೆ ತಾವೇ ತೆಗೆದು ತೋರಿಸಿದರು.

ಈಗ ಆಂಜಿನಪ್ಪನವರಿಗೆ ಅರವತ್ತೇಳು. ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದ್ದಾರೆ, ಇನ್ನೊಂದು ಇದೆ. ಭಾನುವಾರ ಕೆರೆ ಕಟ್ಟೆಯ ಮೇಲೆ ಎಂಟು ಒಂಬತ್ತು ಜನ ಸೇರುತ್ತಾರೆ, ಹೆಚ್ಚಿನವರು ಐವತ್ತೈದು ದಾಟಿದವರು. ನಾನೂ ಹೋಗುತ್ತೇನೆ. ನನಗಿನ್ನೂ ಐವತ್ತೊಂದು, ಅಲ್ಲಿ ನನ್ನನ್ನು ಮಗು ಎನ್ನುತ್ತಾರೆ, ಹಿಂದೆ ಬಿಡುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಆಂಜಿನಪ್ಪ ತಮ್ಮ ಹಳೆಯ ಸರ್ವೀಸಿನ ದಾರಿಯನ್ನು ಕಾಲಿನಲ್ಲೇ ಮುಗಿಸಿಬಂದರು. ಮುಳಬಾಗಿಲಿನಿಂದ ರಾಯಲ್ಪಾಡು, ಸುಮಾರು ಅರವತ್ತು ಕಿಲೋಮೀಟರು, ಎರಡು ದಿನ. ಒಂದಿಷ್ಟು ಓಟ, ಹೆಚ್ಚು ನಡಿಗೆ, ನಡುವೆ ಶ್ರೀನಿವಾಸಪುರದ ನೆಂಟರ ಮನೆಯಲ್ಲಿ ತಂಗುವುದು. ನರಸಿಂಹಪ್ಪ ಮೊಪೆಡ್ಡಿನಲ್ಲಿ ನೀರು, ಹಣ್ಣು ಹಿಡಿದು ಜೊತೆಗಿದ್ದ. ಎರಡನೆಯ ದಿನ ದಾರಿಯ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಕರೆದು ಮಜ್ಜಿಗೆ, ಬಾವಿಯ ನೀರು ಕೊಟ್ಟಳು. ಆ ಊರಿನ ಬಾವಿಯ ನೀರು ಸಿಹಿ ಎಂದು ಅವರಿಗೆ ಹತ್ತೊಂಬತ್ತು ವರ್ಷ ಆ ದಾರಿಯಲ್ಲಿ ಓಡಾಡಿದ್ದರೂ ತಿಳಿದಿರಲಿಲ್ಲ. ಬಾಟಲಿ ತುಂಬಿಸಿಕೊಂಡರು.

ಸಂಜೆ ನಾಲ್ಕರ ಹೊತ್ತಿಗೆ ವೆಂಕಟರಮಣಪ್ಪನ ತೋಪಿನ ಮನೆ ಸೇರಿದಾಗ ಕಾಲಿನಲ್ಲಿ ಎರಡು ಬೊಬ್ಬೆ, ಮೈತುಂಬಾ ಕೆಂಪು ಧೂಳು. ಆತನ ಹೆಂಡತಿ ಆವಲಮ್ಮ ಬಿಸಿನೀರು ಕಾಯಿಸಿಟ್ಟಿದ್ದಳು. ಸ್ನಾನ ಮಾಡಿ ಊಟಕ್ಕೆ ಕುಳಿತರು: ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮೊದಲನೆಯ ಮುದ್ದೆ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ಆಂಜಿನಪ್ಪ ತಟ್ಟೆ ಮುಂದೆ ಮಾಡಿದಾಗ ಆವಲಮ್ಮ ಗಂಡನ ಕಡೆ ತಿರುಗಿದಳು.

‘ಏಮಯ್ಯಾ, ಮುಂದಿನ ಸಲ ಕರೆಯೋಕ್ ಮುಂಚೆ ಹೇಳು. ಇನ್ನೊಂದು ಸೇರು ರಾಗಿ ಬೀಸ್ಕೋತೀನಿ.’

ಮೊಪೆಡ್ಡಿನಲ್ಲಿ ಕುಳಿತೇ ಬಂದಿದ್ದ ನರಸಿಂಹಪ್ಪ ನಾಲ್ಕನೆಯ ಮುದ್ದೆ ಮುರಿಯುತ್ತಿದ್ದ.